ಮಗುವಿನ ಮೈಮೇಲೆ ಕಂದು ಮಚ್ಚೆ, ಉಜ್ಜಿದರೆ ಊದುತ್ತದೆ, ರಾತ್ರಿಯೆಲ್ಲ ನವೆ: ಸಿಟ್ರಿಜಿನ್ ದಿನಾ ಕೊಡಬಹುದಾ?

ಸೊರಬದ_ಸೊಸೆ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ಎರಡೂವರೆ ವರ್ಷ. ಕೂಸಾಗಿದ್ದಾಗಲೇ ಬೆನ್ನು, ಹೊಟ್ಟೆ ಮೇಲೆ ಕಂದು ಬಣ್ಣದ ಮಚ್ಚೆ ಬರಲು ಶುರುವಾಯಿತು. ಸೊಳ್ಳೆ ಕಡಿದ ಕಲೆ ಇರಬೇಕು ಅಂದರು. ಆಮೇಲೆ ಒಂದು ಕಡೆ ತೋರಿಸಿದಾಗ ಕಜ್ಜಿ ಅಂತ ಮುಲಾಮು ಕೊಟ್ಟರು. ಮನೆಮಂದಿಯೆಲ್ಲ ಹಚ್ಚಿಕೊಂಡಿದ್ದಾಯಿತು, ಮಚ್ಚೆ ಅಲ್ಲೇ ಇತ್ತು.

ಕೊನೆಗೆ ಶಿವಮೊಗ್ಗದಲ್ಲಿ ಒಬ್ಬರು ಚರ್ಮದ ಡಾಕ್ಟರು ನೋಡಿದರು. ಪೆನ್ನಿನ ಹಿಂಬದಿಯಿಂದ ಒಂದು ಮಚ್ಚೆಯನ್ನು ನಾಲ್ಕೈದು ಸಲ ಉಜ್ಜಿ, ಸುಮ್ನೆ ಕೂತರು. ಸ್ವಲ್ಪ ಹೊತ್ತಿಗೆ ಆ ಮಚ್ಚೆ ಮಾತ್ರ ಕೆಂಪಗೆ ಉಬ್ಬಿತು. ಪಕ್ಕದ ಚರ್ಮಕ್ಕೆ ಏನೂ ಆಗಲಿಲ್ಲ. "ಅರ್ಟಿಕೇರಿಯಾ ಪಿಗ್ಮೆಂಟೋಸಾ" ಅಂತ ಚೀಟಿಯಲ್ಲಿ ಬರೆದರು. ಆಮೇಲೆ ಚರ್ಮದ ಚೂರು ತೆಗೆದು ಮಾಡುವ ಬಯಾಪ್ಸಿ ಪರೀಕ್ಷೆಯಲ್ಲೂ ಅದೇ ಬಂತು.

ಈಗ ರಾತ್ರಿ ಅಲರ್ಜಿ ನವೆಗೆ ಕೊಡುವ ಸಿಟ್ರಿಜಿನ್ ಸಿರಪ್ ಕೊಡುತ್ತಿದ್ದೇನೆ. ನವೆ ಕಡಿಮೆಯಾಗಿದೆ, ನಿದ್ದೆ ಮಾಡುತ್ತಾನೆ. ಆದರೆ ಮಚ್ಚೆ ಒಂದೂ ಹೋಗಿಲ್ಲ, ಹೊಸದು ಬೇರೆ ಬಂದಿವೆ. ಅತ್ತೆ "ಔಷಧಿ ಹತ್ತುತ್ತಿಲ್ಲ, ಸುಮ್ನೆ ದಿನಾ ಕುಡಿಸಿ ಮಗೂನ ಮಂಕು ಮಾಡಬೇಡ" ಅನ್ನುತ್ತಾರೆ. ನಿಲ್ಲಿಸಲಾ? ಇದೇ ಕಾಯಿಲೆ ಇರೋರು ಯಾರಾದರೂ ಇದ್ದೀರಾ ಇಲ್ಲಿ?

ಅಡಿಕೆ_ತೋಟ

ತಂಗೀ, ಇದು ಪಿತ್ತದ ಗಂಧೆ. ಇದಕ್ಕೆಲ್ಲ ಬಯಾಪ್ಸಿ ಯಾಕೆ? ನಮ್ಮಲ್ಲಿ ದೊಡ್ಡಪತ್ರೆ ರಸ ಹಚ್ಚಿ, ಕರಿ ಕಂಬಳಿಯಲ್ಲಿ ಚೆನ್ನಾಗಿ ಮೈ ತಿಕ್ಕುತ್ತೇವೆ. ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಬದನೆಕಾಯಿ, ಒಣಮೀನು ಎಲ್ಲ ನಂಜು, ನಿಲ್ಲಿಸಿ.

ಲೀಡ್ಸ್_ಕನ್ನಡತಿ

ಅಣ್ಣಾ, ಕಂಬಳಿ ಮಾತ್ರ ಬೇಡವೇ ಬೇಡ! ಆ ಮಗುವಿಗೆ ಉಜ್ಜಿದರೇ ಊದೋದು. ಪೆನ್ನಿನಲ್ಲಿ ಒಂದು ಮಚ್ಚೆ ಉಜ್ಜಿದ್ದಕ್ಕೆ ಅಷ್ಟಾಗಿದೆ. ಇಡೀ ಬೆನ್ನು ಕಂಬಳಿಯಲ್ಲಿ ತಿಕ್ಕಿದರೆ ಮಗು ಕೆಂಪಗಾಗಿ, ವಾಂತಿ ಮಾಡಿ, ಬಿ.ಪಿ. ಕೂಡ ಇಳಿಯಬಹುದು.

ಅಕ್ಕಾ, ನನಗೂ ಇದೇ ಇದೆ, ಆದರೆ ದೊಡ್ಡವಳಾದ ಮೇಲೆ ಬಂದದ್ದು. ಒಂದೇ ಮಾತು ಹೇಳುತ್ತೇನೆ, ಔಷಧಿ ಹತ್ತಿದೆಯೋ ಇಲ್ಲವೋ ಅಂತ ಮಚ್ಚೆ ನೋಡಿ ಅಳೆಯಬೇಡಿ. ನಿದ್ದೆ ನೋಡಿ ಅಳೆಯಿರಿ. ಸಿಟ್ರಿಜಿನ್ ಥರದ, ಹಿಸ್ಟಮಿನ್ (ನವೆ ತರುವ ರಾಸಾಯನಿಕ) ತಡೆಯುವ ಮಾತ್ರೆಗೆ ಮಚ್ಚೆ ಅಳಿಸೋ ಕೆಲಸ ಗೊತ್ತೇ ಇಲ್ಲ. ನಾನು ವರ್ಷಗಟ್ಟಲೆ ತೆಗೆದುಕೊಂಡಿದ್ದೇನೆ, ತೊಡೆ ಮೇಲಿನ ಮಚ್ಚೆ ಹಾಗೇ ಇವೆ.

ಚರ್ಮದ_ಡಾಕ್ಟ್ರು

ಲೀಡ್ಸ್ ಮೇಡಂ ಹೇಳಿದ್ದು ಸರಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಓ.ಪಿ.ಡಿ.ಯಲ್ಲಿ ಇದನ್ನು ಹೇಳುವಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ. ಇಲ್ಲಿ ಕೂತು ನಾನು ಮಗುವಿಗೆ ಚಿಕಿತ್ಸೆ ಕೊಡಲು ಆಗುವುದಿಲ್ಲ. ಡೋಸ್ ನಿಮ್ಮ ಡಾಕ್ಟರೇ ತೂಕ ನೋಡಿ ಹೇಳಬೇಕು.

ನಮ್ಮೆಲ್ಲರ ಚರ್ಮದಲ್ಲೂ ಮಾಸ್ಟ್ ಕಣ ಅಂತ ಇರುತ್ತವೆ. ಅವುಗಳೊಳಗೆ ಹಿಸ್ಟಮಿನ್ ಮತ್ತು ಇನ್ನಷ್ಟು ರಾಸಾಯನಿಕಗಳು ತುಂಬಿರುತ್ತವೆ. ಈ ಕಾಯಿಲೆಯಲ್ಲಿ ಆ ಕಣಗಳು ಅಲ್ಲಲ್ಲಿ ಗುಂಪುಗೂಡಿರುತ್ತವೆ. ಆ ಗುಂಪೇ ಕಂದು ಮಚ್ಚೆ. ಉಜ್ಜಿದರೆ, ಬಿಸಿ ತಾಗಿದರೆ, ಜ್ವರ ಬಂದರೆ, ಕೆಲವು ಔಷಧಿ ಒಳಗೆ ಹೋದರೆ ಅವು ಒಡೆದು ಹಿಸ್ಟಮಿನ್ ಸುರಿಯುತ್ತವೆ. ಆಗ ಕೆಂಪು, ಊತ, ನವೆ. ಉಜ್ಜಿ ನೋಡುವ ಪರೀಕ್ಷೆಗೆ ಡೇರಿಯರ್ ಚಿಹ್ನೆ ಅನ್ನುತ್ತೇವೆ, ಒಬ್ಬ ಫ್ರೆಂಚ್ ಚರ್ಮವೈದ್ಯರ ಹೆಸರು ಅದು. ಕಾಯಿಲೆಯ ಈಗಿನ ದೊಡ್ಡ ಹೆಸರು ಮಾಸ್ಟೋಸೈಟೋಸಿಸ್.

ಪಿತ್ತದ ಗಂಧೆಯೇ ಬೇರೆ. ಅದು ಎದ್ದ ಕಡೆ ಒಂದು ದಿನದೊಳಗೆ ಮಾಯವಾಗಿ ಬೇರೆ ಕಡೆ ಏಳುತ್ತದೆ, ಕಲೆ ಉಳಿಸುವುದಿಲ್ಲ. ಇದು ಹಾಗಲ್ಲ, ಮಚ್ಚೆ ಅದೇ ಜಾಗದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ತೋಟದ ಸರ್ ಅವರ ದೊಡ್ಡಪತ್ರೆಗೆ ಗಂಧೆ ಇಳಿದದ್ದೂ ಸುಳ್ಳಲ್ಲ. ಗಂಧೆ ತಾನಾಗೇ ಇಳಿಯುವ ಸ್ವಭಾವದ್ದು.

ಇನ್ನು ಸಿಟ್ರಿಜಿನ್ ಏನು ಮಾಡುತ್ತದೆ? ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಅದೇ ಕೆಲಸ. ನರದ ತುದಿಯಲ್ಲಿ, ರಕ್ತನಾಳದ ಗೋಡೆಯಲ್ಲಿ ಹಿಸ್ಟಮಿನ್ ಬಂದು ಕೂರುವ ಜಾಗ ಇರುತ್ತದೆ. ಮಾತ್ರೆ ಅಲ್ಲಿ ಮೊದಲೇ ಹೋಗಿ ಕೂತಿರುತ್ತದೆ. ಹಿಸ್ಟಮಿನ್ ಬಂದರೂ ನಿಂತೇ ಹೋಗಬೇಕು. ಆದ್ದರಿಂದ ಎರಡು ವಿಷಯ ಗೊತ್ತಾಗುತ್ತದೆ. ಒಂದು, ನವೆ ಜೋರಾದ ಮೇಲೆ ಕೊಡುವುದಕ್ಕಿಂತ ದಿನಾ ಒಂದೇ ಹೊತ್ತಿಗೆ ಕೊಡುವುದು ಒಳ್ಳೆಯದು. ಇನ್ನೊಂದು, ಮಾಸ್ಟ್ ಕಣಗಳ ಸಂಖ್ಯೆಗೆ ಈ ಔಷಧಿ ಕೈ ಹಾಕುವುದೇ ಇಲ್ಲ. ಮಚ್ಚೆ ಹೇಗೆ ಹೋದೀತು?

ಹೊಸ ಮಚ್ಚೆ ಬರುವುದು ಮೊದಲ ಒಂದೆರಡು ವರ್ಷ ಸಾಮಾನ್ಯ. ಚಿಕ್ಕ ಮಕ್ಕಳಲ್ಲಿ ಶುರುವಾದದ್ದು ಬಹಳಷ್ಟು ಜನರಲ್ಲಿ ಪ್ರಾಯಕ್ಕೆ ಬರುವ ಹೊತ್ತಿಗೆ ಮಾಸುತ್ತದೆ. ಅದರಲ್ಲೂ ದೊಡ್ಡದು ಚಿಕ್ಕದು ಬೇರೆ ಬೇರೆ ಗಾತ್ರದ ಮಚ್ಚೆ ಇದ್ದರೆ ಹೋಗುವ ಸಾಧ್ಯತೆ ಜಾಸ್ತಿ. ಎಲ್ಲವೂ ಸಣ್ಣ, ಒಂದೇ ಗಾತ್ರ ಇದ್ದರೆ ಉಳಿದುಕೊಳ್ಳುವುದೂ ಉಂಟು.

ಸೊರಬದ_ಸೊಸೆ

ಡಾಕ್ಟ್ರೇ, ಓದಿ ಅತ್ತೆಗೂ ಕೇಳಿಸಿದೆ. ಬೇರೆ ಬೇರೆ ಗಾತ್ರದವೇ ಇವೆ, ಕೆಲವು ನನ್ನ ಹೆಬ್ಬೆರಳಿನಷ್ಟು ಅಗಲ.

ಇನ್ನೊಂದು ವಿಷಯ. ಕೂಸಿದ್ದಾಗ ಇವನಿಗೆ ನೀರೆರೆಯಲು ಊರಿನ ಒಬ್ಬ ಅಜ್ಜಿ ಬರುತ್ತಿದ್ದರು. ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಬೋರಲು ಮಲಗಿಸಿ, ಹರಳೆಣ್ಣೆ ಹಾಕಿ ಬೆನ್ನು ನೀವುತ್ತಿದ್ದರು. ಆಮೇಲೆ ಹಂಡೆಯ ಸುಡು ಸುಡು ನೀರು. ಕಡಲೆಹಿಟ್ಟಿನಲ್ಲಿ ತಿಕ್ಕುವುದು ಬೇರೆ. ನೀರು ಮುಗಿಯುವ ಹೊತ್ತಿಗೆ ಬೆನ್ನ ಮೇಲಿನ ಮಚ್ಚೆ ಒಂದೊಂದೂ ಎದ್ದು ನಿಲ್ಲುತ್ತಿದ್ದವು, ಒಂದೆರಡು ಸಲ ನೀರುಗುಳ್ಳೆಯೂ ಆಯಿತು. "ಒಳಗಿನ ಕೆಟ್ಟದ್ದೆಲ್ಲ ಹೊರಗೆ ಬರ್ತಿದೆ, ಒಳ್ಳೇದೇ" ಅಂತ ಅಜ್ಜಿ ಹೇಳುತ್ತಿದ್ದರು. ಈಗಲೂ ಶನಿವಾರ ಎಣ್ಣೆ ನೀರು ಬಿಟ್ಟಿಲ್ಲ ನಾವು.

ಚರ್ಮದ_ಡಾಕ್ಟ್ರು

ಉಜ್ಜುವುದು, ಸುಡುನೀರು, ಮತ್ತೆ ಹಿಟ್ಟಿನ ತಿಕ್ಕಾಟ. ಈ ಕಾಯಿಲೆಗೆ ಆಗದ ಮೂರೂ ಒಂದೇ ಸ್ನಾನದಲ್ಲಿ! ಅಜ್ಜಿಯ ತಪ್ಪೇನಿಲ್ಲ, ನೂರಾರು ಮಕ್ಕಳಿಗೆ ಹೀಗೇ ಎರೆದಿರುತ್ತಾರೆ, ಅವರಿಗೆಲ್ಲ ಏನೂ ಆಗಿರುವುದಿಲ್ಲ.

ಎಣ್ಣೆ ಬೇಕಿದ್ದರೆ ಕೊಬ್ಬರಿ ಎಣ್ಣೆ ಅಂಗೈಯಲ್ಲಿ ಸವರಿ, ನೀವಬೇಡಿ. ನೀರು ಉಗುರುಬೆಚ್ಚಗೆ ಸಾಕು, ತಣ್ಣೀರೂ ಬೇಡ, ತಟ್ಟನೆ ಬದಲಾಗುವ ಚಳಿ ಸೆಕೆ ಎರಡೂ ಆಗುವುದಿಲ್ಲ. ಸೋಪು ಕೈಯಲ್ಲೇ. ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿ. ಉಣ್ಣೆ ಸ್ವೆಟರ್ ಹಾಕುವುದಾದರೆ ಒಳಗೆ ತೆಳು ಹತ್ತಿ ಅಂಗಿ ಇರಲಿ. ಚಡ್ಡಿ ಎಲಾಸ್ಟಿಕ್ ಬಿಗಿ ಇರಬಾರದು. ಇಷ್ಟು ಮಾಡಿದರೆ ಸಿರಪ್ಪಿಗೆ ಅರ್ಧ ಕೆಲಸ ಕಡಿಮೆ.

ನೀರುಗುಳ್ಳೆ ಆಗಿದ್ದನ್ನು ಮಾತ್ರ ನಿಮ್ಮ ಡಾಕ್ಟರಿಗೆ ಖಂಡಿತ ಹೇಳಿ. ಮಾಸ್ಟ್ ಕಣಗಳಿಂದ ಬರುವ ಟ್ರಿಪ್ಟೇಸ್ ಅನ್ನುವ ಅಂಶ ರಕ್ತದಲ್ಲಿ ಎಷ್ಟಿದೆ ಅಂತ ನೋಡಿದ್ದಾರಾ?

ಸೊರಬದ_ಸೊಸೆ

ನೋಡಿದ್ದಾರೆ, ಸ್ಯಾಂಪಲ್ ಹೊರಗೆ ಕಳಿಸಿದ್ದರು. 7 ಅಂತ ಬಂದಿದೆ.

ಚರ್ಮದ_ಡಾಕ್ಟ್ರು

ಸಾಮಾನ್ಯವಾಗಿ 11.4ರ ಒಳಗಿದ್ದರೆ ನಾರ್ಮಲ್ ಅನ್ನುತ್ತೇವೆ. 20 ದಾಟಿದರೆ ಚರ್ಮದಾಚೆಗೂ ಇದೆಯೇನೋ ಅಂತ ಯೋಚಿಸುತ್ತೇವೆ. ಮಕ್ಕಳಲ್ಲಿ ಬಹುಪಾಲು ಚರ್ಮದಲ್ಲೇ ಉಳಿಯುತ್ತದೆ. ಹೊಟ್ಟೆ ಮುಟ್ಟಿ ಲಿವರ್, ಗುಲ್ಮ ನೋಡಿ, ರಕ್ತದ ಎಣಿಕೆ ಸರಿ ಇದ್ದರೆ ಮೂಳೆಮಜ್ಜೆ ಪರೀಕ್ಷೆಯ ಮಾತೇ ಬೇಡ.

ಕರಾವಳಿ_ಮಾಣಿ

ಚರ್ಮದ ತೊಂದರೆ ಬಿಡದೇ ಕಾಡುತ್ತಿದ್ದರೆ ನಮ್ಮ ಕಡೆ ನಾಗದೋಷ ಇದೆಯಾ ಅಂತ ಕೇಳುತ್ತಾರೆ. ಕುಕ್ಕೆಗೆ ಹೋಗಿ ಒಂದು ಸೇವೆ ಮಾಡಿಸಿ. ಔಷಧಿ ಬಿಡಿ ಅಂತ ಹೇಳುತ್ತಿಲ್ಲ ಮತ್ತೆ.

ಸೊರಬದ_ಸೊಸೆ

ಹೋಗಿ ಬಂದಿದ್ದೇವೆ ಅಣ್ಣಾ, ಸಿರಪ್ ಬಾಟ್ಲಿ ಬ್ಯಾಗಿನಲ್ಲೇ ಇತ್ತು :)

ಮೆಡಿಕಲ್_ಶಾಪ್_ಮಂಜು

ಕೌಂಟರಿನ ಈಚೆ ಕಡೆಯಿಂದ ಎರಡು ಮಾತು. ಸಿಟ್ರಿಜಿನ್ ಸಿರಪ್ ಕೊಳ್ಳುವಾಗ ಬಾಟ್ಲಿ ತಿರುಗಿಸಿ ಏನೇನಿದೆ ಅಂತ ಓದಿ. ಬರೀ ಸಿಟ್ರಿಜಿನ್ ಇರಬೇಕು. "ನೆಗಡಿ ಸಿರಪ್" ಅಂತ ಕೊಡುವುದರಲ್ಲಿ ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್, ಕೆಲವೊಮ್ಮೆ ಪ್ಯಾರಾಸಿಟಮಾಲ್ ಎಲ್ಲ ಬೆರೆತಿರುತ್ತದೆ. ಕ್ಲೋರ್‌ಫೆನಿರಮಿನ್ ಕೂಡ ಹಿಸ್ಟಮಿನ್ ತಡೆಯುವುದೇ, ಹಳೇ ಕಾಲದ್ದು. ಮಗುವಿಗೆ ನೆಗಡಿ ಬಂದಾಗ ಅದನ್ನೂ ಕೊಟ್ಟರೆ ಎರಡೆರಡು ಆಗುತ್ತದೆ, ಮಗು ತೂಗಡಿಸುತ್ತೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯೇ ಕ್ಲೋರ್‌ಫೆನಿರಮಿನ್ ಫಿನೈಲೆಫ್ರಿನ್ ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಲೇಬಲ್ ಮೇಲೆ ಹಾಕಲು ಹೇಳಿದೆ. ಆದರೂ ಬಂದು ಕೇಳುತ್ತಾರೆ, ಇಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ.

ಲಿವೋಸಿಟ್ರಿಜಿನ್ ಜೊತೆ ಆಸ್ತಮಾಕ್ಕೆ ಕೊಡುವ ಮಾಂಟೆಲುಕಾಸ್ಟ್ ಸೇರಿಸಿದ್ದೂ ತುಂಬ ಓಡುತ್ತದೆ. ಅದನ್ನು "ಸ್ವಲ್ಪ ಸ್ಟ್ರಾಂಗ್ ಅಲರ್ಜಿ ಮಾತ್ರೆ" ಅಂತ ತಿಳಿದು ತಗೋಬೇಡಿ. ಮಾಂಟೆಲುಕಾಸ್ಟಿಗೆ ಮನಸ್ಸಿನ ಮೇಲಿನ ಅಡ್ಡಪರಿಣಾಮದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಕಪ್ಪು ಚೌಕದೊಳಗೆ ಬರೆಯುವ ಗಂಭೀರ ಎಚ್ಚರಿಕೆ ಹಾಕಿಸಿದೆ. ಡಾಕ್ಟರು ಬೇಕು ಅಂತ ಬರೆದರೆ ಮಾತ್ರ.

ಮತ್ತೆ, ಅಳತೆಗೆ ಬಾಟ್ಲಿ ಜೊತೆ ಬಂದ ಮುಚ್ಚಳ ಅಥವಾ ಸಿರಿಂಜ್. ಅಡುಗೆಮನೆ ಚಮಚ ಬೇಡ. ಒಂದೊಂದು ಮನೆಯ ಚಮಚ ಒಂದೊಂದು ಅಳತೆ.

ಹಾವೇರಿ_ಲಾರಿ

ನಮಸ್ಕಾರ್ರೀ ಎಲ್ಲರಿಗೂ. ಮಕ್ಕಳ ವಿಷಯದ ನಡುವೆ ಬಂದೆ, ಬೇಜಾರಾಗಬೇಡಿ. ನನಗೆ ಮೂವತ್ತು ದಾಟಿದ ಮೇಲೆ ಎದೆ, ತೊಡೆ ಮೇಲೆ ಇಂಥವೇ ಕಂದು ಚುಕ್ಕಿ ಬಂದವು. ಲೆಕ್ಕಕ್ಕೆ ಸಿಗದಷ್ಟು. ಬಿಸಿನೀರು ಹಾಕಿಕೊಂಡರೆ, ಎಂಜಿನ್ ಶಾಖಕ್ಕೆ ಕೂತರೆ ಮೈಯೆಲ್ಲ ಕಡಿತ. ಬಯಾಪ್ಸಿ ಆಗಿ ಇದೇ ಹೆಸರು ಹೇಳಿದರು. ಸಿಟ್ರಿಜಿನ್ ತಗೊಂಡರೆ ನಿದ್ದೆ ಬರುತ್ತದೆ, ನಾನು ರಾತ್ರಿ ಗಾಡಿ ಓಡಿಸುವವನು. ತಗೊಳ್ಳದಿದ್ದರೆ ಸ್ಟಿಯರಿಂಗ್ ಬಿಟ್ಟು ಕೆರೆದುಕೊಳ್ಳಬೇಕು. ಏನು ಮಾಡಲಿ?

ಹೋದ ವರ್ಷ ನಡುನೋವಿಗೆ ಡೈಕ್ಲೋಫೆನಾಕ್ ಮಾತ್ರೆ ತಗೊಂಡೆ. ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಢಾಬಾದ ಕಟ್ಟೆ ಮೇಲೆ ಕಣ್ಣು ಕತ್ತಲೆ ಬಂದು ಬಿದ್ದೆ. ಬಿಸಿಲಿಗೆ ಅಂದರು ಅಲ್ಲಿದ್ದವರು.

ಚರ್ಮದ_ಡಾಕ್ಟ್ರು

ಅಣ್ಣಾ, ನಿಮ್ಮ ಎರಡನೇ ಪ್ಯಾರಾ ಮೊದಲು. ಅದು ಬಿಸಿಲಿಗಲ್ಲ ಅನ್ನಿಸುತ್ತದೆ. ಡೈಕ್ಲೋಫೆನಾಕ್, ಆಸ್ಪಿರಿನ್, ಐಬುಪ್ರೊಫೆನ್ ಗುಂಪಿನ ನೋವಿನ ಮಾತ್ರೆಗಳು ಈ ಕಾಯಿಲೆ ಇರುವ ಕೆಲವರಲ್ಲಿ ಮಾಸ್ಟ್ ಕಣಗಳನ್ನು ಒಂದೇ ಸಲ ಒಡೆಸಿಬಿಡುತ್ತವೆ. ಎಲ್ಲರಿಗೂ ಹಾಗಾಗುವುದಿಲ್ಲ. ಆದರೆ ನಿಮಗೆ ಒಮ್ಮೆ ಆಗಿರುವುದರಿಂದ, ಆ ಗುಂಪಿನ ಯಾವ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ನಡೆಯುತ್ತದೆ.

ದೊಡ್ಡವರಾದ ಮೇಲೆ ಮಚ್ಚೆ ಬಂದರೆ ಲೆಕ್ಕ ಬೇರೆ. ಬಹುಪಾಲು ಜನರಲ್ಲಿ ಮೂಳೆಮಜ್ಜೆಯಲ್ಲೂ ಈ ಕಣಗಳು ಸ್ವಲ್ಪ ಇರುತ್ತವೆ. ಹೆದರಬೇಡಿ, ಹೆಚ್ಚಿನವರಲ್ಲಿ ಅದು ನಿಧಾನಗತಿಯದು, ಆಯಸ್ಸಿಗೆ ದೊಡ್ಡ ಧಕ್ಕೆ ಇಲ್ಲ. ಆದರೆ ಟ್ರಿಪ್ಟೇಸ್ ಮಾಡಿಸಬೇಕು, ರಕ್ತದಲ್ಲಿ ಕಿಟ್ ಅನ್ನುವ ಜೀನಿನ ಡಿ816ವಿ ಬದಲಾವಣೆ ಇದೆಯಾ ನೋಡಬೇಕು, ಮೂಳೆ ಸಾಂದ್ರತೆಯ ಸ್ಕ್ಯಾನೂ ಆಗಬೇಕು. ಈ ಕಾಯಿಲೆಯಲ್ಲಿ ಮೂಳೆ ಸವೆಯುವುದುಂಟು. ನಡುನೋವು ಅಂದಿರಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ರಕ್ತರೋಗ ತಜ್ಞರನ್ನು ಕಾಣಿ.

ನಿದ್ದೆಯ ವಿಷಯ. ಸಿಟ್ರಿಜಿನ್ ಅನ್ನು ಹೊಸ ತಲೆಮಾರಿನದು ಅನ್ನುತ್ತೇವೆ, ಹಳೇ ಮಾತ್ರೆಗಳಾದ ಏವಿಲ್, ಅಟರಾಕ್ಸ್‌ನಷ್ಟು ಮಂಪರು ತರುವುದಿಲ್ಲ. ಆದರೂ ಕೆಲವರಿಗೆ ತರುತ್ತದೆ. ಇದೇ ಬಗೆಯ ಫೆಕ್ಸೋಫೆನಡಿನ್, ಬಿಲಾಸ್ಟಿನ್ ಮಿದುಳಿನೊಳಗೆ ಹೋಗುವುದು ತೀರಾ ಕಡಿಮೆ. ನಿಮ್ಮ ಕೆಲಸ ಏನು ಅಂತ ಡಾಕ್ಟರಿಗೆ ಹೇಳಿ, ಬದಲಿಸಿಕೊಡುತ್ತಾರೆ. ಹೊಸ ಮಾತ್ರೆ ಶುರು ಮಾಡುವುದು ರಜೆಯ ದಿನ ಇರಲಿ.

ಮೆಡಿಕಲ್_ಶಾಪ್_ಮಂಜು

ಫೆಕ್ಸೋಫೆನಡಿನ್ ಬಗ್ಗೆ ಒಂದು ಸೇರಿಸುತ್ತೇನೆ ಲಾರಿ ಅಣ್ಣಾ. ಬರೀ ನೀರಲ್ಲಿ ನುಂಗಿ. ಕಿತ್ತಳೆ, ಸೇಬಿನ ಜ್ಯೂಸ್ ಜೊತೆ ನುಂಗಿದರೆ ಮೈಗೆ ಹತ್ತುವುದೇ ಕಡಿಮೆಯಾಗುತ್ತೆ. ಗ್ಯಾಸಿಗೆ ಅಂತ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಬಿಳಿ ಔಷಧಿ ಕುಡಿಯುತ್ತೀರಾದರೆ ಅದಕ್ಕೂ ಇದಕ್ಕೂ ಎರಡು ಗಂಟೆ ಅಂತರ ಬಿಡಿ. ಬಿಲಾಸ್ಟಿನ್ ಆದರೆ ಊಟಕ್ಕೆ ಒಂದು ಗಂಟೆ ಮೊದಲು, ಇಲ್ಲಾ ಊಟವಾಗಿ ಎರಡು ಗಂಟೆ ಮೇಲೆ. "ಮಾತ್ರೆ ಕೆಲಸ ಮಾಡ್ತಿಲ್ಲ" ಅಂತ ವಾಪಸ್ ಬರುವವರಲ್ಲಿ ಕೆಲವರು ಹೊಟ್ಟೆ ತುಂಬ ತಿಂದು ನುಂಗಿರುತ್ತಾರೆ.

ಲೀಡ್ಸ್_ಕನ್ನಡತಿ

ಹಾವೇರಿ ಅಣ್ಣಾ, ನನ್ನ ಕಥೆ ಹೇಳುತ್ತೇನೆ, ಉಪಯೋಗವಾಗಬಹುದು. ನನಗೆ ಒಂದು ಮಾತ್ರೆ ಸಾಕಾಗಲಿಲ್ಲ. ಇಲ್ಲಿ ಇಂಗ್ಲೆಂಡಿನ ಡಾಕ್ಟರು ಫೆಕ್ಸೋಫೆನಡಿನ್ ಹಂತ ಹಂತವಾಗಿ ಏರಿಸಿದರು. ದೊಡ್ಡವರಿಗೆ ದಿನದ ಡೋಸಿನ ನಾಲ್ಕರಷ್ಟರವರೆಗೂ ಏರಿಸುವುದು ಬಹುಕಾಲ ಕಾಡುವ ಗಂಧೆ ಕಾಯಿಲೆಯ ಮಾರ್ಗಸೂಚಿಯಲ್ಲಿ ಇದೆಯಂತೆ, ಅದನ್ನೇ ಇಲ್ಲೂ ಅನುಸರಿಸುತ್ತಾರೆ. ಆದರೆ ಇದು ನೀವೇ ಮಾಡಿಕೊಳ್ಳುವ ಕೆಲಸ ಅಲ್ಲ. ನನಗೆ ಮೊದಲು ಕಿಡ್ನಿ ಪರೀಕ್ಷೆ ಮಾಡಿಸಿದ್ದರು.

ಆಮೇಲೆ ಹೊಟ್ಟೆಯ ಕಾಟ. ಊಟ ಆದ ತಕ್ಷಣ ಹೊಟ್ಟೆ ಹಿಂಡಿ ಭೇದಿ. ಅದೂ ಇದರದ್ದೇ ಅಂತ ನನಗೆ ಗೊತ್ತೇ ಇರಲಿಲ್ಲ. ಹೊಟ್ಟೆಯಲ್ಲಿ ಹಿಸ್ಟಮಿನ್ ಕೂರುವ ಜಾಗ ಬೇರೆ ತರಹದ್ದಂತೆ, ಎಚ್ 2 ಅಂತ. ಅದಕ್ಕೆ ಫಮೋಟಿಡಿನ್ ಸೇರಿಸಿದರು. ಭೇದಿ ಅದರಿಂದಲೂ ಪೂರ್ತಿ ನಿಲ್ಲಲಿಲ್ಲ. ಸೋಡಿಯಂ ಕ್ರೋಮೋಗ್ಲಿಕೇಟ್ ಅನ್ನುವ ಕ್ಯಾಪ್ಸೂಲನ್ನು ಬಿಚ್ಚಿ, ಬಿಸಿನೀರಿನಲ್ಲಿ ಪುಡಿ ಕರಗಿಸಿ, ಆರಿಸಿ, ಊಟಕ್ಕೆ ಮುಂಚೆ ಕುಡಿಯುತ್ತೇನೆ. ಇದು ಹಿಸ್ಟಮಿನ್ ತಡೆಯುವುದಲ್ಲ, ಮಾಸ್ಟ್ ಕಣ ಒಡೆಯದಂತೆ ನೋಡಿಕೊಳ್ಳುವುದು. ನಿಧಾನಕ್ಕೆ ಹತ್ತಿತು, ವಾರಗಳೇ ಬೇಕಾದವು. ನಡುವೆ ಬಿಟ್ಟುಬಿಡೋಣ ಅನ್ನಿಸಿತ್ತು.

ಮದ್ಯ ಕುಡಿಯುತ್ತೀರಾದರೆ ಅದೂ ಮೈ ಕೆರಳಿಸುತ್ತದೆ. ಬುದ್ಧಿ ಹೇಳುತ್ತಿಲ್ಲ, ಹಬ್ಬದ ದಿನ ಒಂದು ಲೋಟ ವೈನಿಗೆ ನನ್ನ ಮುಖ ಟೊಮೆಟೊ ಬಣ್ಣ.

ಬಿಫಾರ್ಮಾ_ಓದ್ತಿರೋಳು

ಇಂಟರ್ನಲ್ಸ್‌ಗೆ ಓದುತ್ತಾ ಇಲ್ಲಿಗೆ ಬಂದೆ. ಸಿಟ್ರಿಜಿನ್ ಬಂದಿದ್ದೇ ಅಟರಾಕ್ಸ್‌ನಿಂದ ಅಂತ ಗೊತ್ತಾ? ಅಟರಾಕ್ಸ್ ಅಂದರೆ ಹೈಡ್ರಾಕ್ಸಿಜಿನ್. ಅದು ದೇಹದೊಳಗೆ ಹೋಗಿ ಸಿಟ್ರಿಜಿನ್ ಆಗಿ ಬದಲಾಗುತ್ತದೆ. ಆ ಬದಲಾದ ರೂಪವನ್ನೇ ನೇರ ಮಾತ್ರೆ ಮಾಡಿದಾಗ ಮಂಪರು ಕಡಿಮೆಯಾಯಿತು. ಫೆಕ್ಸೋಫೆನಡಿನ್ ಕೂಡ ಹಾಗೇ, ಟರ್ಫೆನಡಿನ್ ಅನ್ನುವುದರ ಬದಲಾದ ರೂಪ. ಟರ್ಫೆನಡಿನ್ ಹೃದಯದ ಬಡಿತ ಕೆಡಿಸುತ್ತದೆ ಅಂತ 1990ರ ದಶಕದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೋಯಿತು. ಕಾಯಿಲೆ 1869ರಲ್ಲೇ ಇಂಗ್ಲೆಂಡಿನಲ್ಲಿ ದಾಖಲಾಗಿತ್ತು. ಹಿಸ್ಟಮಿನ್ ತಡೆಯುವ ಔಷಧಿ ಕಂಡುಹಿಡಿದ ಡೇನಿಯಲ್ ಬೊವೆಗೆ 1957ರಲ್ಲಿ ನೊಬೆಲ್ ಬಂತು. ಆ ಔಷಧಿ ಬರುವವರೆಗಿನವರು ಕೆರೆದುಕೊಂಡೇ ಬದುಕಿದರು ಪಾಪ.

ಒಂದು ಪ್ರಶ್ನೆ ಇದೆ ಡಾಕ್ಟ್ರೇ. ಸಿಟ್ರಿಜಿನ್ ತಿಂಗಳುಗಟ್ಟಲೆ ತಗೊಂಡು ನಿಲ್ಲಿಸಿದರೆ ನವೆ ಜೋರಾಗುತ್ತದೆ ಅಂತ ಓದಿದೆ. ನಿಜಾನಾ?

ಚರ್ಮದ_ಡಾಕ್ಟ್ರು

ನಿಜ. 2025ರ ಮೇ ತಿಂಗಳಲ್ಲಿ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ, ಸಿಟ್ರಿಜಿನ್ ಮತ್ತು ಲಿವೋಸಿಟ್ರಿಜಿನ್ ಎರಡಕ್ಕೂ. ದಿನಾ, ಹೆಚ್ಚಾಗಿ ತಿಂಗಳುಗಟ್ಟಲೆ ತಗೊಂಡು ನಿಲ್ಲಿಸಿದವರಲ್ಲಿ ಕೆಲವರಿಗೆ ಕೆಲವೇ ದಿನದಲ್ಲಿ ಮೈಯೆಲ್ಲ ವಿಪರೀತ ನವೆ. ಅವರು ಲೆಕ್ಕ ಹಾಕಿದ್ದು ಇಡೀ ಜಗತ್ತಿನಲ್ಲಿ 209 ಪ್ರಕರಣ. ಈ ಮಾತ್ರೆ ತಿನ್ನುವವರು ಕೋಟಿಗಟ್ಟಲೆ ಇದ್ದಾರೆ, ಹಾಗಾಗಿ ಅಪರೂಪವೇ. ಆದರೆ ನಮ್ಮ ರೋಗಿಗಳಿಗೆ ಇದು ಗೊತ್ತಿರಲೇಬೇಕು. ಇಲ್ಲದಿದ್ದರೆ ನಿಲ್ಲಿಸಿದ ಮೇಲಿನ ನವೆಯನ್ನು ಕಾಯಿಲೆ ಜಾಸ್ತಿಯಾಯಿತು ಅಂತ ತಿಳಿಯುತ್ತಾರೆ. ಸೊರಬದ ಅಮ್ಮ, ನಾಳೆ ನಿಲ್ಲಿಸಬೇಕು ಅನ್ನಿಸಿದರೂ ತಟ್ಟನೆ ನಿಲ್ಲಿಸಬೇಡಿ, ಕೇಳಿಕೊಂಡು ಇಳಿಸುತ್ತಾ ಬನ್ನಿ.

ಮಂಕಾಗುತ್ತದೆ ಅನ್ನುವ ಅತ್ತೆಯವರ ಮಾತಿಗೆ: ಹಳೇ ಔಷಧಿಗಳಿಗೆ ಆ ಮಾತು ಒಪ್ಪುತ್ತದೆ. ಮಗು ಮಲಗಲಿ ಅಂತ ಏವಿಲ್, ಫೆನರ್ಗನ್ ಕೊಡುವ ಮನೆಗಳಿವೆ, ಅದು ತಪ್ಪು. ಸರಿಯಾದ ಡೋಸಿನ ಸಿಟ್ರಿಜಿನ್ ಕೊಟ್ಟೂ ಮಗು ಹಗಲು ತೂಗಡಿಸಿದರೆ ಹೇಳಿ, ಬೇರೆಯದಕ್ಕೆ ಬದಲಿಸಬಹುದು. ಈಗ ಹಗಲು ಆಟ ಆಡುತ್ತಾನಾ?

ಸೊರಬದ_ಸೊಸೆ

ಆಟ ಅಂದರೆ! ಬೆಳಿಗ್ಗೆ ಎದ್ದವನು ಕೊಟ್ಟಿಗೆ, ಅಂಗಳ, ಬೇಲಿ. ರಾತ್ರಿ ನಿದ್ದೆಗೆಟ್ಟು ಕೆರೆಯುತ್ತಿದ್ದಾಗಲೇ ಹಗಲು ಮಂಕಾಗಿರುತ್ತಿದ್ದ. ಅತ್ತೆ ಕೂಡ ಇವತ್ತು ಅದನ್ನು ಒಪ್ಪಿದರು. ಸಿರಪ್ ಮುಂದುವರಿಸುತ್ತೇನೆ.

ಬದನೆಕಾಯಿ ಬಗ್ಗೆ ಯಾರೂ ಹೇಳಲಿಲ್ಲ. ಮೊಟ್ಟೆ, ಟೊಮೆಟೊ, ಬಾಳೆಹಣ್ಣು ಅಂತ ಒಬ್ಬೊಬ್ಬರು ಒಂದೊಂದು ಬಿಡಿಸುತ್ತಾ ಬಂದು ಈಗ ಅವನಿಗೆ ಅನ್ನ ಸಾರು ಬಿಟ್ಟರೆ ಏನೂ ಇಲ್ಲದಂತಾಗಿದೆ. ಲಸಿಕೆಯೂ ಒಂದು ಬಾಕಿ ಇದೆ, ಹಾಕಿಸಲು ಹೆದರಿ ಮುಂದೂಡಿದ್ದೇವೆ.

ಚರ್ಮದ_ಡಾಕ್ಟ್ರು

ಊಟ ವಾಪಸ್ ಕೊಡಿ, ಎಲ್ಲವನ್ನೂ. ಯಾವುದಾದರೂ ಒಂದನ್ನು ತಿಂದಾಗ ಪ್ರತಿ ಸಲವೂ ಮೈ ಕೆಂಪಾಗುತ್ತದೆ ಅಂತ ನೀವೇ ಕಣ್ಣಾರೆ ಕಂಡರೆ ಅದೊಂದನ್ನು ಬಿಡಿ. ಪಟ್ಟಿ ನೋಡಿ ಬಿಡಿಸಿದರೆ ಮಗು ಸೊರಗುತ್ತದೆ ಅಷ್ಟೇ.

ಲಸಿಕೆ ಹಾಕಿಸಿ. ಈ ಕಾಯಿಲೆ ಇದೆ ಅಂತ ಲಸಿಕೆ ತಪ್ಪಿಸುವ ಅಗತ್ಯ ಇಲ್ಲ. ಅವತ್ತು ಸಿರಪ್ ತಪ್ಪಿಸಬೇಡಿ, ಆಸ್ಪತ್ರೆಯಲ್ಲೇ ಹಾಕಿಸಿ, ಹಾಕಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂತಿರಿ. ಜ್ವರ ಬಂದರೆ ಪ್ಯಾರಾಸಿಟಮಾಲ್. ಮೆಫನಾಮಿಕ್ ಆಸಿಡ್, ಐಬುಪ್ರೊಫೆನ್ ಸಿರಪ್ಪನ್ನು ನೀವಾಗೇ ಕೊಡಬೇಡಿ. ಕೊಡೀನ್ ಇರುವ ಕೆಮ್ಮಿನ ಔಷಧಿಯೂ ಬೇಡ.

ಅಡಿಕೆ_ತೋಟ

ಸರಿ ಡಾಕ್ಟ್ರೇ, ಕಂಬಳಿ ಮಾತು ವಾಪಸ್. ನನ್ನದೊಂದು ಪ್ರಶ್ನೆ. ಈ ತಂಗಿ ಮಲೆನಾಡಿನವರು. ಅಲ್ಲಿ ತೋಟಕ್ಕೆ ಹೋದರೆ ಕಣಜ, ಹೆಜ್ಜೇನು ತಪ್ಪಿದ್ದಲ್ಲ. ಈ ಮಗುವಿಗೆ ಕಚ್ಚಿದರೆ?

ಚರ್ಮದ_ಡಾಕ್ಟ್ರು

ಒಳ್ಳೆಯ ಪ್ರಶ್ನೆ ಕೇಳಿದಿರಿ ಸರ್. ಕಣಜ, ಜೇನಿನ ವಿಷಕ್ಕೆ ಜೀವಕ್ಕೇ ಅಪಾಯವಾಗುವ ಅಲರ್ಜಿ ಆಗುವುದು ಈ ಕಾಯಿಲೆಯ ದೊಡ್ಡವರಲ್ಲಿ ಹೆಚ್ಚು. ಚರ್ಮದಲ್ಲಷ್ಟೇ ಇರುವ ಮಕ್ಕಳಲ್ಲಿ ಅಷ್ಟಿಲ್ಲ, ಆದರೆ ಎಚ್ಚರ ಬೇಕು. ಕಚ್ಚಿದ ಮೇಲೆ ಉಸಿರು ಕಟ್ಟಿದರೆ, ಗಂಟಲು ಬಿಗಿದರೆ, ಮಗು ಬಿಳಿಚಿ ಜೋತುಬಿದ್ದರೆ ಸಿಟ್ರಿಜಿನ್ ಹುಡುಕುತ್ತಾ ಕೂರಬೇಡಿ. ಆಗ ಬೇಕಿರುವುದು ಅಡ್ರಿನಲಿನ್ ಇಂಜೆಕ್ಷನ್, ತೊಡೆಯ ಹೊರಭಾಗದ ಸ್ನಾಯುವಿಗೆ. ಹಿಸ್ಟಮಿನ್ ತಡೆಯುವ ಯಾವ ಔಷಧಿಯೂ ಅಡ್ರಿನಲಿನ್ ಬದಲಿಗೆ ನಿಲ್ಲುವುದಿಲ್ಲ. ನವೆಗೆ ಅದು, ಪ್ರಾಣಕ್ಕೆ ಇದು.

ಹಾವೇರಿ_ಲಾರಿ

ಡಾಕ್ಟ್ರೇ, ಟ್ರಿಪ್ಟೇಸ್ ರಿಪೋರ್ಟ್ ಬಂತು. 38 ಇದೆ. ರಕ್ತರೋಗ ತಜ್ಞರು ಮಜ್ಜೆ ಪರೀಕ್ಷೆಗೆ ದಿನ ಕೊಟ್ಟಿದ್ದಾರೆ. ಮಾತ್ರೆ ಫೆಕ್ಸೋಫೆನಡಿನ್‌ಗೆ ಬದಲಾಯಿಸಿದರು, ಗಾಡಿ ಮೇಲೆ ನಿದ್ದೆ ಬರುತ್ತಿಲ್ಲ. ಅವರೂ ಅಡ್ರಿನಲಿನ್ ಇಟ್ಟುಕೊಳ್ಳಿ ಅಂದರು. ನಾನು ಹೈವೇ ಮೇಲೆ ಎಲ್ಲೋ ಬಿದ್ದರೆ ಜನಕ್ಕೆ ಹೇಗೆ ಗೊತ್ತಾಗಬೇಕು?

ಲೀಡ್ಸ್_ಕನ್ನಡತಿ

ನಾನು ಇಲ್ಲಿ ಎರಡು ಅಡ್ರಿನಲಿನ್ ಪೆನ್ನು (ಪೆನ್ನಿನ ಆಕಾರದ, ತೊಡೆಗೆ ಒತ್ತಿದರೆ ತಾನೇ ಚುಚ್ಚುವ ಇಂಜೆಕ್ಷನ್), ಜೊತೆಗೆ ಒಂದು ಚೀಟಿ ಯಾವಾಗಲೂ ಬ್ಯಾಗಿನಲ್ಲಿಡುತ್ತೇನೆ. ನಿಮ್ಮ ಚೀಟಿ ಕನ್ನಡದಲ್ಲಿ ಹೀಗಿರಲಿ. ಹೊರರಾಜ್ಯಕ್ಕೆ ಹೋಗುತ್ತೀರಾದರೆ ಹಿಂದೆ ಹಿಂದಿ, ಇಂಗ್ಲಿಷಿನಲ್ಲೂ ಬರೆಸಿ:

"ನನಗೆ ಮಾಸ್ಟೋಸೈಟೋಸಿಸ್ ಇದೆ. ಪ್ರಜ್ಞೆ ತಪ್ಪಿದ್ದರೆ ಅಥವಾ ಉಸಿರಾಡಲು ಕಷ್ಟಪಡುತ್ತಿದ್ದರೆ ಮೊದಲು ಅಡ್ರಿನಲಿನ್ ಬೇಕು. ಮಲಗಿಸಿ, ಕಾಲು ಎತ್ತರಕ್ಕೆ ಇಡಿ, ಎಬ್ಬಿಸಿ ನಡೆಸಬೇಡಿ. ಡೈಕ್ಲೋಫೆನಾಕ್, ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ಮಾರ್ಫಿನ್, ಕೊಡೀನ್, ಅರಿವಳಿಕೆ, ಸ್ಕ್ಯಾನಿನ ಬಣ್ಣದ ಇಂಜೆಕ್ಷನ್ ಕೊಡುವ ಮುಂಚೆ ಡಾಕ್ಟರು ಇದನ್ನು ಓದಬೇಕು. ದಿನಾ ತೆಗೆದುಕೊಳ್ಳುವ ಮಾತ್ರೆ: ಫೆಕ್ಸೋಫೆನಡಿನ್. ಮನೆಯವರ ಫೋನ್:"

ಡಾಕ್ಟ್ರೇ, ಏನಾದರೂ ಬಿಟ್ಟಿದ್ದರೆ ತಿದ್ದಿ.

ಚರ್ಮದ_ಡಾಕ್ಟ್ರು

ಸರಿಯಾಗಿದೆ. ನಿಮ್ಮ ತಜ್ಞರ ಹೆಸರು, ಆಸ್ಪತ್ರೆ ಸೇರಿಸಿ, ಅವರ ಕೈಯಲ್ಲಿ ಸಹಿ ಹಾಕಿಸಿಕೊಳ್ಳಿ. ಸಹಿ ಇದ್ದರೆ ಕ್ಯಾಶುವಾಲಿಟಿಯಲ್ಲಿ ಓದುತ್ತಾರೆ.

ಹಾವೇರಿ_ಲಾರಿ

ಪರ್ಸಿಗೊಂದು, ಲಾರಿಯ ಆರ್‌ಸಿ ಬುಕ್ ಜೊತೆ ಒಂದು ಇಟ್ಟೆ. ಕ್ಲೀನರ್ ಹುಡುಗನಿಗೂ ಓದಿಸಿದೆ. ಅವನು ಕೇಳುತ್ತಿದ್ದಾನೆ, ಆ ಇಂಜೆಕ್ಷನ್ ನಾನೇ ಚುಚ್ಚಬೇಕಾ ಅಂತ. ಪೆನ್ನು ನಮ್ಮ ಕಡೆ ಯಾವ ಅಂಗಡಿಯಲ್ಲೂ ಇಲ್ಲ.

ಮೆಡಿಕಲ್_ಶಾಪ್_ಮಂಜು

ನಾವೂ ಪೆನ್ನು ಇಡುವುದಿಲ್ಲ. ಔಷಧಿಯ ಗಾಜಿನ ಆಂಪೂಲ್ ಸಿಗುತ್ತದೆ, 1 ಮಿಲಿಯಲ್ಲಿ 1 ಮಿಲಿಗ್ರಾಂ. ಡಾಕ್ಟರ ಚೀಟಿ ತನ್ನಿ. ಬೆಲೆ ಜಾಸ್ತಿ ಏನೂ ಇಲ್ಲ. ಆದರೆ ಲಾರಿ ಕ್ಯಾಬಿನ್ನಿನ ಬಿಸಿಲಿನಲ್ಲಿ ಬಿಡಬೇಡಿ, ಕಂದು ಬಣ್ಣಕ್ಕೆ ತಿರುಗಿದ್ದರೆ ಎಸೆದು ಹೊಸದು ತನ್ನಿ.

ಚರ್ಮದ_ಡಾಕ್ಟ್ರು

ಎಷ್ಟು ಎಳೆಯಬೇಕು, ಎಲ್ಲಿ ಚುಚ್ಚಬೇಕು ಅಂತ ನಿಮ್ಮ ಡಾಕ್ಟರೇ ನಿಮಗೂ ಆ ಹುಡುಗನಿಗೂ ಎದುರಿಗೆ ಕೂರಿಸಿಕೊಂಡು ತೋರಿಸಬೇಕು. ಇಲ್ಲಿ ಓದಿ ಮಾಡುವ ಕೆಲಸ ಅಲ್ಲ. ಮುಂದಿನ ಸಲ ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಅವನಿಗೆ ಇಷ್ಟು ಹೇಳಿಡಿ: ಗಾಡಿ ಪಕ್ಕಕ್ಕೆ ಹಾಕಿ, ನಿಮ್ಮನ್ನು ಮಲಗಿಸಿ, 108ಕ್ಕೆ ಫೋನ್ ಮಾಡಿ, "ಅಲರ್ಜಿಗೆ ಬಿದ್ದಿದ್ದಾರೆ, ಅಡ್ರಿನಲಿನ್ ಬೇಕು" ಅಂತ ಮೊದಲ ಮಾತಿನಲ್ಲೇ ಹೇಳಬೇಕು.